ಜೂನ್ ತಿಂಗಳ ನೆರೆಹೊರೆಯವರು

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ನಮ್ಮ ಸೊಸೈಟಿಯ ನಾಲ್ಕೈದು ಜನರಿಗೆ ಸಿಟ್ಟು ಬರುತ್ತದೆ. ಅವರಲ್ಲಿ ಇಬ್ಬರು ಕನ್ನಡದವರು, ಇಲ್ಲಿ ಬರುವುದನ್ನು ತಪ್ಪದೆ ಓದುವವರು. ಬರಲಿ. ಕಳೆದ ವರ್ಷದ ಜೂನ್‌ವರೆಗೆ ನಾನೂ ಅವರ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡವನು. ಹಾಗಾಗಿ ಕೆಳಗೆ 'ನಾವು' ಎಂದು ಬರೆದಲ್ಲೆಲ್ಲ ನನ್ನನ್ನು ಸೇರಿಸಿಕೊಂಡೇ ಬರೆದಿದ್ದೇನೆ.

ಪುಣೆಯಲ್ಲಿ ಹಿಂಜವಡಿಗೆ ಹೋಗುವ ದಾರಿಯ ಮೇಲೆ ನಮ್ಮ ಸೊಸೈಟಿ ಇದೆ. ಪಕ್ಕದ ಜಾಗದಲ್ಲಿ ಇನ್ನೂ ಎರಡು ಕಟ್ಟಡ ಏಳುತ್ತಿವೆ. ಅವುಗಳ ಹಿಂದೆ ತಗಡಿನ ಶೆಡ್ಡುಗಳ ಸಾಲು. ಸಂಜೆ ಬಾಲ್ಕನಿಯಲ್ಲಿ ನಿಂತರೆ ಕೆಳಗಿನಿಂದ ಕನ್ನಡ ಕೇಳುತ್ತದೆ. ಇಂಡಿ, ಸಿಂದಗಿ, ಜೇವರ್ಗಿ, ಶಹಾಪುರದ ಕಡೆಯ ಕನ್ನಡ. ನಡುನಡುವೆ ತಾಂಡಾಗಳಿಂದ ಬಂದವರ ಲಂಬಾಣಿ ಮಾತು. ನಾನು ಇಂಡಿ ತಾಲ್ಲೂಕಿನವನು. ಈ ಊರಿಗೆ ಬಂದ ಮೊದಲ ವರ್ಷ ಆ ಸದ್ದು ಕೇಳಿದರೆ ಕಣ್ಣು ತುಂಬಿ ಬರುತ್ತಿತ್ತು. ಆಮೇಲೆ ರೂಢಿಯಾಯಿತು. ಈಗ ಕಾಂಕ್ರೀಟ್ ಮಿಕ್ಸರ್ ಸದ್ದಿನ ಜೊತೆಗೆ ಅದನ್ನೂ ಹೊರಗಿಡಲು ಬಾಲ್ಕನಿಯ ಬಾಗಿಲು ಹಾಕಿಕೊಳ್ಳುತ್ತೇವೆ.

ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ನಡುವಿನಲ್ಲಿ. ಅದಕ್ಕೆ ಎರಡು ವಾರ ಮೊದಲು ನಮ್ಮ ಕ್ಲಬ್‌ಹೌಸಿನ ಬಾಗಿಲಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಗಳು ಕುಳಿತುಕೊಳ್ಳುತ್ತವೆ. 'ಶಾಲಾ ಸಾಮಗ್ರಿ ಅಭಿಯಾನ' ಎಂದು ಮೂರು ಭಾಷೆಯಲ್ಲಿ ಚೀಟಿ ಅಂಟಿಸುತ್ತೇವೆ. ಗ್ರೂಪಿನಲ್ಲಿ ಸಂದೇಶ ಓಡಾಡುತ್ತದೆ: ಮನೆಯಲ್ಲಿ ಬಳಸದೇ ಇರುವ ಬ್ಯಾಗು, ಪುಸ್ತಕ, ಪೆನ್ನು ದಯವಿಟ್ಟು ತಂದು ಹಾಕಿ, ನೆರೆಯ ಮಕ್ಕಳಿಗೆ ನೆರವಾಗಿ. ಈ 'ಬಳಸದೇ ಇರುವ' ಎಂಬ ಮಾತಿನಲ್ಲೇ ಎಡವಟ್ಟು ಶುರು.

ಕಳೆದ ವರ್ಷ ಆ ಪೆಟ್ಟಿಗೆಗಳನ್ನು ಬಿಚ್ಚಿ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಏನೇನಿತ್ತು ಹೇಳುತ್ತೇನೆ, ಕೇಳಿ. ಹತ್ತು ವರ್ಷ ಹಳೆಯ ಯಾವುದೋ ಸಾಫ್ಟ್‌ವೇರ್ ಸಮ್ಮೇಳನದ ಲ್ಯಾಪ್‌ಟಾಪ್ ಚೀಲಗಳು, ಜಿಪ್ ಕಿತ್ತವು. ಒಣಗಿದ ಸ್ಕೆಚ್ ಪೆನ್ನು. ಮುಳ್ಳಿಲ್ಲದ ಕೈವಾರ. ಒಂದು ಕಂಪನಿಯ 2019ರ ಡೈರಿ, ಅಂಥವೇ ಹದಿನಾಲ್ಕು. ಮೊದಲ ಇಪ್ಪತ್ತು ಹಾಳೆ ಹರಿದು ತೆಗೆದ ನೋಟ್‌ಬುಕ್ಕುಗಳು. ಐಐಟಿ ಪ್ರವೇಶ ಪರೀಕ್ಷೆಯ ಗೈಡು. ಒಂದು ಮದುವೆಯ ಸ್ಟೀಲ್ ಬಾಟಲಿ, ವಧೂವರರ ಹೆಸರಿನ ಸಮೇತ. ಇವೆಲ್ಲದರ ತಳದಲ್ಲಿ ಯಾರೋ ಪುಣ್ಯಾತ್ಮರು ಕೊಟ್ಟ ಎರಡು ಡಜನ್ ಹೊಸ ನೋಟ್‌ಬುಕ್ಕು, ಹೆಸರು ಬರೆದಿರಲಿಲ್ಲ. ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಇನ್ನುಳಿದದ್ದನ್ನು ನೋಡಿದರೆ ನಾವು ಮಕ್ಕಳಿಗೆ ಶಾಲೆಯ ಸಾಮಾನು ಕೊಡುತ್ತಿದ್ದೇವೋ, ದೀಪಾವಳಿಗೆ ಮೊದಲು ಮಾಡಬೇಕಾದ ಮನೆ ಸ್ವಚ್ಛತೆಯನ್ನು ಜೂನ್‌ನಲ್ಲೇ ಮುಗಿಸುತ್ತಿದ್ದೇವೋ ತಿಳಿಯುವಂತಿರಲಿಲ್ಲ. ರದ್ದಿಯವನಿಗೆ ಹಾಕಿದ್ದರೆ ಕಿಲೋಗೆ ಇಷ್ಟೆಂದು ಸಿಗುತ್ತಿತ್ತು. ಇಲ್ಲಿ ಹಾಕಿದ್ದಕ್ಕೆ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳು ಸಿಕ್ಕವು.

ಆದರೂ ವಿಂಗಡಿಸಿದೆ. ಭಾನುವಾರ ಬೆಳಿಗ್ಗೆ ಶೆಡ್ಡಿನ ಮಕ್ಕಳನ್ನು ಕರೆಸಲಾಯಿತು. ಗೇಟಿನಲ್ಲಿ ವಾಚ್‌ಮನ್ ಒಬ್ಬೊಬ್ಬರ ಹೆಸರು ಬರೆದುಕೊಂಡ. ಈ ಮಕ್ಕಳ ಅಪ್ಪ ಅಮ್ಮಂದಿರು ಕಟ್ಟಿದ ಗೇಟು ಅದು. ಸಾಲಾಗಿ ನಿಲ್ಲಿಸಿದೆವು. ಬ್ಯಾನರು. ಅಧ್ಯಕ್ಷರ ಎರಡು ಮಾತು. ಆಮೇಲೆ ಒಂದು ಕೈ ದಾನಿಯದು, ಒಂದು ಕೈ ಮಗುವಿನದು, ನಡುವೆ ಬ್ಯಾಗು, ಇಬ್ಬರೂ ಕ್ಯಾಮೆರಾ ಕಡೆ ನೋಡಬೇಕು. ಬಿಸ್ಕತ್ತು ಕೊಟ್ಟು ಕಳಿಸುವ ಹೊತ್ತಿಗೆ ಒಂಬತ್ತು ಹತ್ತು ವರ್ಷದ ಹುಡುಗನೊಬ್ಬ ಸಾಲಿನಿಂದ ವಾಪಸು ಬಂದ. ನಾನು ಕನ್ನಡ ಮಾತಾಡಿದ್ದು ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. ನೋಟ್‌ಬುಕ್ ತೆರೆದು ತೋರಿಸಿದ.

"ಅಂಕಲ್, ಇದರಾಗ ಮೊದ್ಲ ಬರ್ದಾರ. ನಮ್ಮ ಬಾಯಿ ತಗೋಳಂಗಿಲ್ರಿ."

ಬಾಯಿ ಎಂದರೆ ಇಲ್ಲಿನ ಶಾಲೆಯಲ್ಲಿ ಟೀಚರು. ಯಾರದೋ ಮೀಟಿಂಗಿನ ಟಿಪ್ಪಣಿ ಇಂಗ್ಲಿಷಿನಲ್ಲಿ, ಬಾಣದ ಗುರುತುಗಳ ಸಮೇತ ಅದರಲ್ಲಿತ್ತು. ತಳದಲ್ಲಿದ್ದ ಹೊಸದೊಂದನ್ನು ತೆಗೆದುಕೊಟ್ಟೆ. ಮಾತಿಗೆ ಮಾತು ಬೆಳೆಯಲೆಂದು, ಯಾವ ಸಾಲಿಗೆ ಹೋಗ್ತಿಯೋ ಎಂದೆ. ಮೈನ್ ರೋಡಿನ ಆಚೆಗಿರುವ ಪಾಲಿಕೆಯ ಮರಾಠಿ ಶಾಲೆಗೆ. ಈಗ ಏನ್ ಕಲ್ಸಾಕತ್ಯಾರ ಎಂದು ಕೇಳಿದೆ.

"ಗೊತ್ತಿಲ್ರಿ. ಮರಾಠ್ಯಾಗ ಹೇಳ್ತಾರ. ಊರಾಗ ಮೂರನೇತ್ತಾ ಇದ್ದೆ. ಇಲ್ಲಿ ಒಂದನೇತ್ತಾ ಕುಂಡ್ರಿಸ್ಯಾರ."

ಊರಲ್ಲಿದ್ದಾಗ ಅವನು ಕನ್ನಡ ಪಾಠ ಓದುತ್ತಿದ್ದ, ಮಗ್ಗಿ ಹೇಳುತ್ತಿದ್ದ. ಇಲ್ಲಿಗೆ ಬಂದ ಮೇಲೆ ಆರು ವರ್ಷದ ಮಕ್ಕಳ ನಡುವೆ ಮೊಣಕಾಲು ಮಡಚಿಕೊಂಡು ಕೂರುತ್ತಿದ್ದ. ಎರಡು ವರ್ಷ ಕಲಿತದ್ದು ಅವನ ತಲೆಯೊಳಗೇ ಬಂದಿಯಾಗಿ ಉಳಿದಿದೆ, ಕೇಳಲು ಆ ಶಾಲೆಯಲ್ಲಿ ಯಾರಿಗೂ ಭಾಷೆ ಗೊತ್ತಿಲ್ಲ. ಅವನ ಶೆಡ್ಡಿನಿಂದ ಇನ್ನೂರು ಮೀಟರ್ ದೂರದಲ್ಲಿ, ಕನ್ನಡ ಮರಾಠಿ ಎರಡೂ ಬಲ್ಲ ಕಡಿಮೆಯೆಂದರೂ ಮೂವತ್ತು ಮನೆ ನಮ್ಮವು. ಆ ಮೂವತ್ತು ಮನೆಯವರು ಸೇರಿ ಅವನಿಗೆ ಕೊಟ್ಟದ್ದು ಜಿಪ್ ಕಿತ್ತ ಬ್ಯಾಗು.

ನನ್ನ ತಕರಾರು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತಲಿನ ಮಾತು.

ಈ ತಕರಾರನ್ನು ಹೇಳಿದಾಗೆಲ್ಲ ಬರುವ ಮೊದಲ ಉತ್ತರ, ಏನೂ ಮಾಡದವರಿಗಿಂತ ಮೇಲಲ್ಲವೇ ಎಂಬುದು. ನನಗೂ ಹಾಗೇ ಅನಿಸುತ್ತಿತ್ತು. ಈಗ ಖಂಡಿತ ಹೇಳುತ್ತೇನೆ, ಕೆಲವು ಸಲ ಮೇಲಲ್ಲ. ಏನೂ ಮಾಡದವನಿಗೆ ಮನಸ್ಸಿನ ಮೂಲೆಯಲ್ಲಿ ಒಂದು ಚುರುಕು ಉಳಿದಿರುತ್ತದೆ. ವರ್ಷಕ್ಕೊಂದು ಭಾನುವಾರ ಬ್ಯಾಗು ಹಂಚಿದವನಿಗೆ ಅದೂ ಹೋಗಿರುತ್ತದೆ. ಕಳೆದ ಆಗಸ್ಟಿನಲ್ಲಿ ಆ ಶಾಲೆಯ ಅರ್ಧ ಮಕ್ಕಳಿಗೆ ಸಮವಸ್ತ್ರ ಬಂದಿರಲಿಲ್ಲ. ವಾರ್ಡ್ ಕಚೇರಿಗೆ ಕೊಡಲು ಒಂದು ಮನವಿ ಬರೆದು ನಮ್ಮ ಸೊಸೈಟಿಯಲ್ಲಿ ಸಹಿ ಕೇಳಿಕೊಂಡು ಹೋದೆ. ಬ್ಯಾಗು ಕೊಟ್ಟ ಮನೆಗಳಲ್ಲೇ ಹೆಚ್ಚಿನವರು, ನಾವು ಜೂನ್‌ನಲ್ಲಿ ಕೊಟ್ಟೆವಲ್ಲ ಎಂದರು. ಪುಕ್ಕಟೆ ಸಿಗಬಹುದಾಗಿದ್ದ ಒಂದು ಸಹಿಯೂ ಆ ಹಳೆಯ ಬ್ಯಾಗಿನ ಲೆಕ್ಕದಲ್ಲಿ ಜಮಾ ಆಗಿಹೋಗಿತ್ತು.

ಇಲ್ಲಿ ನನ್ನ ಸ್ವಂತ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇವನಿಗೇನು ಇಷ್ಟು ಉರಿ ಎಂದುಕೊಳ್ಳುತ್ತೀರಿ.

ಐದನೇ ಇಯತ್ತೆಯಲ್ಲಿದ್ದಾಗ ಆಗಸ್ಟ್ 15ರಂದು ನಮ್ಮೂರ ಸರ್ಕಾರಿ ಶಾಲೆಯಲ್ಲಿ ನೋಟ್‌ಬುಕ್ ಹಂಚಿದರು. ಕೊಟ್ಟವರು ತಾಲ್ಲೂಕಿನ ಒಬ್ಬ ಗುತ್ತಿಗೆದಾರರು, ಚುನಾವಣೆಗೆ ನಿಲ್ಲುವ ಉಮೇದು ಇದ್ದವರು. ನೋಟ್‌ಬುಕ್ಕಿನ ಮೇಲೆ ಅವರದೇ ಫೋಟೋ, ಪೇಟ ಸುತ್ತಿಕೊಂಡದ್ದು. ಮೈಕಿನಲ್ಲಿ 'ಬಡ ವಿದ್ಯಾರ್ಥಿಗಳು' ಎಂದು ಹೇಳಿ ಪಟ್ಟಿ ಓದಿದರು. ಮೂರನೆಯ ಹೆಸರು ನನ್ನದು. ಅಲ್ಲಿಯವರೆಗೆ ನಾವು ಬಡವರೆಂದು ನನಗೆ ಗೊತ್ತಿರಲಿಲ್ಲ, ನಿಜವಾಗಿಯೂ. ಊರಲ್ಲಿ ಎಲ್ಲರೂ ಹೆಚ್ಚುಕಡಿಮೆ ಹಾಗೇ ಇದ್ದರು. ಕಂಪೌಂಡಿನ ಆಚೆ ಧ್ವಜ ನೋಡಲು ಬಂದ ಹೆಂಗಸರ ಗುಂಪಿನಲ್ಲಿ ಅವ್ವ ನಿಂತಿದ್ದಳು. ನಾನು ವೇದಿಕೆ ಹತ್ತುವಾಗ ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಸರಿದದ್ದು ಕಂಡಿತು. ಆ ಫೋಟೋವಿನ ಮೇಲೆ ನನ್ನ ಗೆಳೆಯನೊಬ್ಬ ಬಾಲ್‌ಪೆನ್ನಿನಿಂದ ಮೀಸೆ ಬರೆದ, ಮಾಸ್ತರರ ಕೈಯಲ್ಲಿ ನಾವಿಬ್ಬರೂ ಏಟು ತಿಂದೆವು. ನನ್ನ ನೋಟ್‌ಬುಕ್ಕಿಗೆ ಅವ್ವ ಹಳೆಯ ಪೇಪರಿನ ರಟ್ಟು ಹಾಕಿಕೊಟ್ಟಳು, ಮುಖ ಕಾಣದ ಹಾಗೆ.

ಅದೇ ಊರಲ್ಲಿ ಅಗಸಿ ಹತ್ತಿರ ಒಬ್ಬ ಮುದುಕರದು ಕಿರಾಣಿ ಅಂಗಡಿ. ಶಾಲೆ ಶುರುವಾಗುವ ವಾರ ಅವ್ವ ನನ್ನನ್ನು ಕರೆದುಕೊಂಡು ಹೋಗಿ ನಾಲ್ಕು ವಹಿ, ಒಂದು ಪೆನ್ಸಿಲು, ಒಂದು ರಬ್ಬರು ತೆಗೆದುಕೊಳ್ಳುತ್ತಿದ್ದಳು. ಮುದುಕರು ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪ್ರತಿ ಸಲ ಅವ್ವ, ಜೋಳ ಬಂದ ಮ್ಯಾಲ ಕೊಡ್ತೀನ್ರಿ ಕಾಕಾ, ಎನ್ನುತ್ತಿದ್ದಳು. ಕಾಕಾ, ತಗೋರಿ ತಂಗಿ, ಎಲ್ಲಿ ಹೋಗ್ತದ, ಎನ್ನುತ್ತಿದ್ದರು. ನಾನು ಕಾಲೇಜು ಮುಗಿಸಿ ಕೆಲಸ ಸಿಕ್ಕ ಮೇಲೆ ಆ ಬಾಕಿ ತೀರಿಸೋಣವೆಂದು ಹೋದೆ. ಅವರ ಮಗ ಹಳೆಯ ಪುಸ್ತಕ ತೆಗೆದ. ಎಣ್ಣೆ, ಬೆಲ್ಲ, ಚಹಾಪುಡಿಯ ಬಾಕಿಯೆಲ್ಲ ಇತ್ತು, ತೀರಿಸಿದ ತಾರೀಕೂ ಇತ್ತು. ವಹಿ ಪೆನ್ಸಿಲಿನ ಲೆಕ್ಕ ಎಲ್ಲಿಯೂ ಇರಲಿಲ್ಲ. ಮುದುಕರು ಬರೆದಂತೆ ಮಾಡುತ್ತಿದ್ದರು, ಅಷ್ಟೇ. ಅವ್ವನಿಗೆ ತಾನು ಕೊಂಡುಕೊಂಡೆ ಎಂಬ ಸಮಾಧಾನ ಇರಲಿ ಎಂದು.

ನೆರೆಹೊರೆ ಎಂದರೆ ನನಗೆ ನೆನಪಾಗುವುದು ಆ ಕಾಕಾ. ಬ್ಯಾನರು ಹಿಡಿದುಕೊಂಡು ನಾವು ಮಾಡುವುದು ಆ ಗುತ್ತಿಗೆದಾರರ ದಾರಿಯನ್ನು. ವ್ಯತ್ಯಾಸವೇನೆಂದರೆ ಅವರು ಕೊಟ್ಟ ನೋಟ್‌ಬುಕ್ಕು ಹೊಸದಾಗಿತ್ತು.

ಇನ್ನು ಎರಡನೆಯ ಮಾತು. ನಾವು ಕೊಡುವುದನ್ನು ದಾನ ಎನ್ನುತ್ತೇವೆ. ಅದು ದಾನವಲ್ಲ ಎಂದು ನಾನು ಹೇಳುವುದಕ್ಕಿಂತ ಕಾನೂನೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣ ಉಚಿತ, ಕಡ್ಡಾಯ. ಕೇಂದ್ರದ ಮಾದರಿ ನಿಯಮಗಳಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ, ಬರೆಯುವ ಸಾಮಗ್ರಿ, ಸಮವಸ್ತ್ರ ಉಚಿತವಾಗಿ ಸಿಗಬೇಕೆಂದಿದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಎರಡು ಜೊತೆ ಸಮವಸ್ತ್ರಕ್ಕೆ ಮಗುವಿಗೆ ವರ್ಷಕ್ಕೆ 600 ರೂಪಾಯಿ. ಇವತ್ತಿನ ಹೊಲಿಗೆ ಕೂಲಿಯಲ್ಲಿ 600 ರೂಪಾಯಿಗೆ ಎರಡು ಜೊತೆ ಯಾರು ಹೊಲಿದುಕೊಡುತ್ತಾರೋ ಆ ಪುಣ್ಯಾತ್ಮನನ್ನು ನನಗೂ ತೋರಿಸಿ. ಮುಂಬೈ ಪಾಲಿಕೆ ತನ್ನ ಶಾಲೆಯ ಮಕ್ಕಳಿಗೆ ಬ್ಯಾಗು, ಬೂಟಿನಿಂದ ಹಿಡಿದು 27 ಸಾಮಾನು ಕೊಡುವ ಯೋಜನೆ ಇಟ್ಟುಕೊಂಡಿದೆ, ಅವು ತಡವಾಗಿ ಬಂದ ವರ್ಷಗಳು ಮುಂಬೈ ಓದುಗರಿಗೆ ಚೆನ್ನಾಗಿ ನೆನಪಿರುತ್ತವೆ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಇಡೀ ರಾಜ್ಯಕ್ಕೆ ಒಂದೇ ಸಮವಸ್ತ್ರ ಎಂದು ಹೊರಟಿತು. ಹಲವು ಕಡೆ ಬಟ್ಟೆ ತಿಂಗಳುಗಟ್ಟಲೆ ತಡವಾಗಿ, ಕೊನೆಗೆ ಅಧಿಕಾರ ಮತ್ತೆ ಶಾಲಾ ವ್ಯವಸ್ಥಾಪನ ಸಮಿತಿಗಳ ಕೈಗೇ ಬಂತು.

ಅಂದರೆ ಮಗುವಿಗೆ ಸಿಗಬೇಕಾದದ್ದು ಕಾಗದದ ಮೇಲೆ ಬಹಳಷ್ಟಿದೆ. ನಡುದಾರಿಯಲ್ಲಿ ಎಲ್ಲೋ ನಿಂತಿರುತ್ತದೆ, ಅಷ್ಟೆ. ಅದನ್ನು ಹೊರಡಿಸಲು ಬೇಕಾದದ್ದು ಅರ್ಜಿ ಬರೆಯಲು ಬರುವವರು, ಕಚೇರಿಯಲ್ಲಿ ಕುರ್ಚಿ ಎಳೆದುಕೊಂಡು ಕೂರುವ ಧೈರ್ಯ ಇರುವವರು, ಮೇಲಿನವರಿಗೆ ಇಮೇಲ್ ಹಾಕಿ ಬೆನ್ನು ಹತ್ತುವವರು. ನಾವು ದಿನವಿಡೀ ಆಫೀಸಿನಲ್ಲಿ ಮಾಡುವುದು ಇನ್ನೇನು? ಲಿಫ್ಟು ಎರಡು ದಿನ ಕೆಟ್ಟರೆ ಬಿಲ್ಡರನಿಗೆ ಹದಿನೇಳು ಇಮೇಲ್ ಬರೆದ ಜನ ನಾವು.

ಇನ್ನೊಂದು ಲೆಕ್ಕವಿದೆ, ಇದನ್ನು ಹೇಳಿದಾಗ ನಮ್ಮ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಾನೂನಿನ ಪ್ರಕಾರ ಕಟ್ಟಡದ ವೆಚ್ಚದ ಮೇಲೆ ಕನಿಷ್ಠ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತದೆ, ಅದು ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ನಮ್ಮ ಫ್ಲ್ಯಾಟುಗಳ ಬೆಲೆಯಲ್ಲಿ ಆ ದುಡ್ಡು ಹೇಗೂ ಸೇರಿಯೇ ಇರುತ್ತದೆ. ಆ ಮಂಡಳಿಯಲ್ಲಿ ನೋಂದಾಯಿಸಿದ ಕೂಲಿಯವರ ಮಕ್ಕಳ ಓದಿಗೆ ಸಹಾಯಧನವಿದೆ. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಆ ದಾಖಲೆಯನ್ನು ಗುತ್ತಿಗೆದಾರ ಕೊಡಬೇಕು. ಕೊಡುವುದಿಲ್ಲ. ಸೊಸೈಟಿಯ ಅಧ್ಯಕ್ಷರು ಒಂದು ಫೋನು ಮಾಡಿದರೆ ಕೊಡುತ್ತಾನೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ಜನರ ಕಾಗದ ಒಂದೇ ವಾರದಲ್ಲಿ ಆಯಿತು. ಆ ಒಂದು ಫೋನು ನಾಲ್ಕು ವರ್ಷದಿಂದ ಯಾರೂ ಮಾಡಿರಲಿಲ್ಲ. ನಾಲ್ಕು ವರ್ಷವೂ ಬ್ಯಾಗು ಹಂಚಿದ್ದೆವು.

ಶಾಲೆಗೆ ಸೇರಿಸುವುದರಲ್ಲೂ ಇದೇ ಕಥೆ. ಶೆಡ್ಡಿನಲ್ಲಿ ಶಾಲೆಗೇ ಹೋಗದ ಮಕ್ಕಳಿದ್ದರು. ಒಬ್ಬ ತಾಯಿಯನ್ನು ಆಧಾರ್ ಇಲ್ಲವೆಂದು ಎರಡು ಸಲ ವಾಪಸು ಕಳಿಸಿದ್ದರು. ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಟಿ.ಸಿ. ತಡವಾದರೂ ನಿರಾಕರಿಸುವಂತಿಲ್ಲ. ಶಾಲೆಗೆ ಸೇರಲು ಆಧಾರ್ ಕಡ್ಡಾಯ ಮಾಡಬಾರದೆಂದು 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ನಮ್ಮವರು. ಅವರ ಹೆಸರಿನ ತೀರ್ಪನ್ನು ಲಿಂಕ್ಡ್‌ಇನ್‌ನಲ್ಲಿ ಹಂಚಿಕೊಂಡು ಖಾಸಗಿತನದ ಬಗ್ಗೆ ಉದ್ದುದ್ದ ಬರೆದವರು ನಮ್ಮಲ್ಲೇ ಇದ್ದಾರೆ. ಅದರ ಆ ಒಂದು ಪುಟವನ್ನು ಪ್ರಿಂಟ್ ತೆಗೆದು, ಪಕ್ಕದ ಶೆಡ್ಡಿನ ಹೆಂಗಸಿನ ಜೊತೆ ಶಾಲೆಯವರೆಗೆ ನಡೆದವರು ಕಡಿಮೆ. ನಾನು ನಡೆದದ್ದೂ ತಡವಾಗಿಯೇ. ಮುಖ್ಯಾಧ್ಯಾಪಕಿ ಆ ಹಾಳೆಯನ್ನು ಓದಲೂ ಇಲ್ಲ. "ನೀವು ಬಂದಿದ್ದೀರಲ್ಲ, ಸಾಕು" ಎಂದು ಮರಾಠಿಯಲ್ಲಿ ಹೇಳಿ ಹೆಸರು ಬರೆದುಕೊಂಡರು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ.

ಆ ಮುಖ್ಯಾಧ್ಯಾಪಕಿಯನ್ನು ಅವತ್ತೇ ಕೇಳಿದೆ, ನಿಮ್ಮ ಮಕ್ಕಳಿಗೆ ನಿಜವಾಗಿ ಏನು ಬೇಕು ಎಂದು. ಅವರು ನಕ್ಕರು. ಆರು ವರ್ಷದಿಂದ ನಿಮ್ಮ ಸೊಸೈಟಿಯವರು ಹಂಚುತ್ತಿದ್ದಾರೆ, ಇದನ್ನು ಯಾರೂ ಕೇಳಿರಲಿಲ್ಲ ಎಂದರು. ಡ್ರಾಯರಿನಿಂದ ಒಂದು ಹಾಳೆ ತೆಗೆದು ಬರೆದುಕೊಟ್ಟರು. ಒಂದನೇ ಎರಡನೇ ತರಗತಿಗೆ ಎರಡು ಗೆರೆಯ ವಹಿ, ಲೆಕ್ಕಕ್ಕೆ ಚೌಕಳಿ ವಹಿ. (ನಾವು ಪ್ರತಿ ವರ್ಷ ಕೊಡುತ್ತಿದ್ದದ್ದು ಇನ್ನೂರು ಪುಟದ ಒಂಟಿ ಗೆರೆಯ ಉದ್ದ ಪುಸ್ತಕ, ಪುಟ್ಟ ಮಕ್ಕಳಿಗೆ ಅದರಿಂದ ಉಪಯೋಗವಿಲ್ಲ.) ಬ್ಯಾಗು ಬೇಡ, ಇವೆ. ರೇನ್‌ಕೋಟು ಬೇಕು, ಜುಲೈ ತಿಂಗಳಲ್ಲಿ ಮಕ್ಕಳು ಬರದೇ ಇರುವುದಕ್ಕೆ ಅದೇ ಕಾರಣ. ಪಟ್ಟಿಯ ಕೊನೆಯಲ್ಲಿ ಇನ್ನೆರಡು ಸಾಲು ಬರೆದರು. ಮಧ್ಯಾಹ್ನ ಶಾಲೆ ಬಿಟ್ಟಾಗ ಮೈನ್ ರೋಡು ದಾಟಿಸಲು ಒಬ್ಬರು. ಕನ್ನಡ ಬರುವವರು ಒಬ್ಬರು.

ಕನ್ನಡ ಬರುವವರು ಒಬ್ಬರು. ನಮ್ಮ ಕನ್ನಡ ಸಂಘದ ಯಾವ ಸ್ಮರಣ ಸಂಚಿಕೆಯಲ್ಲೂ ನಮ್ಮನ್ನು ಯಾರೂ ಇಷ್ಟು ನೇರವಾಗಿ ಬೇಕೆಂದು ಕೇಳಿದ್ದು ನೆನಪಿಲ್ಲ. ನವೆಂಬರ್ ಬಂದರೆ ನಾವು ಊರಿನಿಂದ ಆರ್ಕೆಸ್ಟ್ರಾ ತರಿಸುತ್ತೇವೆ. ಹಾಲು ಬಾಡಿಗೆ, ಬಿಸಿಬೇಳೆಬಾತು, ಶಾಲು, ಹಾರ. ಹೊರನಾಡಿನಲ್ಲಿ ಕನ್ನಡ ಉಳಿಯಬೇಕು, ನಮ್ಮ ಮಕ್ಕಳು ಮನೆಯಲ್ಲೂ ಇಂಗ್ಲಿಷ್ ಆಡುತ್ತಾರೆ ಎಂದು ವೇದಿಕೆಯ ಮೇಲೆ ಕೊರಗುತ್ತೇವೆ. ಗೋಡೆಯ ಆಚೆ ಮೂವತ್ತು ನಲವತ್ತು ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಕನ್ನಡವನ್ನೇ ಆಡುತ್ತಾರೆ, ಅವರನ್ನು ನಮ್ಮ ರಾಜ್ಯೋತ್ಸವಕ್ಕೆ ಯಾರೂ ಕರೆಯುವುದಿಲ್ಲ. ಅವರ ಕನ್ನಡ ನಮಗೆ ಲೆಕ್ಕಕ್ಕಿಲ್ಲ ಎಂದು ಕಾಣುತ್ತದೆ.

ಮಹಾರಾಷ್ಟ್ರದಲ್ಲಿದ್ದ ಮೇಲೆ ಮರಾಠಿ ಕಲಿಯಲಿ ಬಿಡಿ, ನೀವ್ಯಾಕೆ ಕನ್ನಡದ ಗಲಾಟೆ ಎಬ್ಬಿಸುತ್ತೀರಿ ಎಂದು ಒಬ್ಬ ಹಿರಿಯರು ಕೇಳಿದರು. ನಾನು ಕನ್ನಡ ಶಾಲೆ ತೆರೆಯಿರಿ ಎನ್ನುತ್ತಿಲ್ಲ, ಗಡಿಯ ಜಗಳವನ್ನೂ ಎಳೆದು ತರುತ್ತಿಲ್ಲ. ಮರಾಠಿ ಕಲಿಯಲಿ, ಬೇಗ ಕಲಿಯಲಿ ಎಂದೇ ಹೇಳುತ್ತಿದ್ದೇನೆ. 'ಬೇರೀಜ್' ಎಂದರೆ ಕೂಡಿಸುವುದು, 'ವಜಾಬಾಕಿ' ಎಂದರೆ ಕಳೆಯುವುದು ಎಂದು ಯಾರಾದರೂ ಒಂದು ಸಲ ಕನ್ನಡದಲ್ಲಿ ಹೇಳಿದರೆ ಮೂರನೇ ತರಗತಿ ಮುಗಿಸಿದ ಹುಡುಗ ಒಂದನೇ ತರಗತಿಯಲ್ಲಿ ಕೂರಬೇಕಾಗಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದಕ್ಕೆ ವಿಶೇಷ ತರಬೇತಿ ಕೊಡಬೇಕೆಂದು ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ತರಬೇತಿ ಕೊಡಲು ಶಾಲೆಗೆ ಭಾಷೆ ಗೊತ್ತಿರುವ ಮನುಷ್ಯ ಬೇಕು. ಆ ಮನುಷ್ಯ ನಾಲ್ಕನೇ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದರವರೆಗೆ ಮಲಗಿರುತ್ತಾನೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಮುಂಬೈ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕರಾವಳಿಯಿಂದ ಬಂದು ಉಡುಪಿ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಅಲ್ಲಿ ರಾತ್ರಿ ಶಾಲೆಗಳು ನಡೆದವು. ಕಳೆದ ಶತಮಾನದ ಆರಂಭದಲ್ಲೇ ಮೊಗವೀರರು ಅಂಥದೊಂದನ್ನು ಶುರುಮಾಡಿದರು, ಬೇರೆ ಬೇರೆ ಸಮಾಜದವರು ತಮ್ಮ ತಮ್ಮ ಶಾಲೆ ಕಟ್ಟಿದರು. ಹಗಲು ಎಲ್ಲೋ ಕೆಲಸ ಮಾಡಿ ಸಂಜೆ ಅಲ್ಲಿ ಪಾಠ ಹೇಳಿದವರಿದ್ದರು. ಅಲ್ಲಿ ಓದಿ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ಮಾಡಿದವರು ಎಷ್ಟೋ ಜನ. ಅವರ ಮೊಮ್ಮಕ್ಕಳು ಇವತ್ತು ಈ ಪುಟಗಳನ್ನು ಓದುತ್ತಿರಬಹುದು. ನಮ್ಮಷ್ಟು ದುಡ್ಡು ಆಗ ಅವರ ಹತ್ತಿರ ಇರಲಿಲ್ಲ. ಕ್ಲಬ್‌ಹೌಸ್ ಅಂತೂ ಇರಲಿಲ್ಲ. ಆದರೆ ಪಾಟಿ ಕೊಟ್ಟು ಫೋಟೋ ಹೊಡೆಸಿಕೊಂಡು ಮನೆಗೆ ಹೋಗಲಿಲ್ಲ, ಮರುದಿನ ಸಂಜೆ ಮತ್ತೆ ಬಂದರು.

ಈಗ ನೀವು ಕೇಳುತ್ತೀರಿ, ಸರಿ, ಇಷ್ಟು ಕೂಗುವ ನೀನು ಏನು ಕಿಸಿದೆ ಎಂದು. ಹೇಳುತ್ತೇನೆ, ಹೆಮ್ಮೆಪಡುವಂಥದ್ದು ಬಹಳ ಇಲ್ಲ.

ಈ ವರ್ಷ ಪೆಟ್ಟಿಗೆ ಇಡಲಿಲ್ಲ. ದೊಡ್ಡ ಜಗಳವೇ ಆಯಿತು. ಹಳೆಯದನ್ನು ಕೊಡಬಾರದು ಎನ್ನುವುದು ಸೊಕ್ಕು ಎಂದರು. ನಾನು ಹೇಳಿದ್ದು ಇಷ್ಟೆ: ನಿಮ್ಮ ಮಗಳ ಶಾಲೆಯ ಮೊದಲ ದಿನಕ್ಕೆ ಆ ಬ್ಯಾಗು ಕೊಡುತ್ತೀರಾ, ಕೊಡುವಂತಿದ್ದರೆ ತನ್ನಿ. ಒಬ್ಬರು ಮಾತ್ರ ತಂದರು, ನಿಜಕ್ಕೂ ಒಳ್ಳೆಯ ಬ್ಯಾಗು. ಉಳಿದವರಿಂದ ದುಡ್ಡು ತೆಗೆದುಕೊಂಡೆವು. ಮುಖ್ಯಾಧ್ಯಾಪಕಿಯ ಪಟ್ಟಿ ಹಿಡಿದುಕೊಂಡು ಅಪ್ಪಾ ಬಳವಂತ ಚೌಕಕ್ಕೆ ಹೋಗಿ ಸಗಟಿನಲ್ಲಿ ತಂದೆವು. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲು, ರಬ್ಬರಿನ ಮೇಲೆ ಜಿಎಸ್‌ಟಿ ತೆಗೆದಿದ್ದಾರೆ, ಹಾಗಾಗಿ ಹೊಸದು ದುಬಾರಿ ಎನ್ನುವ ಮಾತೂ ಇನ್ನು ಓಡುವುದಿಲ್ಲ. ತಂದದ್ದನ್ನು ಶಾಲೆಗೆ ಒಪ್ಪಿಸಿ ಬಂದೆವು. ತರಗತಿಯ ಎಲ್ಲ ಮಕ್ಕಳಿಗೂ ಬಾಯಿಯೇ ಕೊಟ್ಟರು, ಶಾಲೆಯ ಪುಸ್ತಕ ಕೊಟ್ಟ ಹಾಗೆ. ಬಡವರ ಪಟ್ಟಿ ಓದಲಿಲ್ಲ, ನಮ್ಮ ಹೆಸರು ಬರಲಿಲ್ಲ. ಗ್ರೂಪಿನಲ್ಲಿ ಹಾಕಲು ಫೋಟೋ ಇರಲಿಲ್ಲವಾದ್ದರಿಂದ, ಈ ಸಲ ಡ್ರೈವ್ ಆಗಲಿಲ್ಲವೇ ಎಂದು ಮೂರು ಜನ ಕೇಳಿದರು.

ರಸ್ತೆ ದಾಟಿಸುವ ಕೆಲಸವನ್ನು ನಿವೃತ್ತರಾದ ಇಬ್ಬರು ಹಿಡಿದುಕೊಂಡಿದ್ದಾರೆ, ಒಬ್ಬರು ಮರಾಠಿಯವರು, ಒಬ್ಬರು ತಮಿಳರು. ಒಂದು ದಿನವೂ ತಪ್ಪಿಸಿಲ್ಲ. ಕನ್ನಡದ ಕೆಲಸ ಮಾತ್ರ ಕುಂಟುತ್ತಿದೆ. ಭಾನುವಾರ ಹತ್ತರಿಂದ ಹನ್ನೊಂದೂವರೆ, ಶೆಡ್ಡಿನ ಮುಂದೆ ತಾಡಪತ್ರಿ ಹಾಸಿ ಕೂರುವುದು. ಮೊದಲ ವಾರ ಏಳು ಜನ ಬಂದೆವು. ಗಣಪತಿ ಹಬ್ಬದ ಹೊತ್ತಿಗೆ ಮೂವರು ಉಳಿದೆವು, ಅದರಲ್ಲಿ ಒಬ್ಬಳು ಇಂಜಿನಿಯರಿಂಗ್ ಓದುವ ದಾವಣಗೆರೆಯ ಹುಡುಗಿ, ಪೇಯಿಂಗ್ ಗೆಸ್ಟ್ ಆಗಿ ಇರುವವಳು. ಅವಳಿಗೆ ಮರಾಠಿ ಬರುವುದಿಲ್ಲ. ಮಕ್ಕಳ ಜೊತೆಗೆ ಅವಳೂ ಕಲಿಯುತ್ತಾಳೆ, ನಮಗಿಂತ ಅವಳ ಪಾಠವೇ ಅವರಿಗೆ ಇಷ್ಟ. ಲಂಬಾಣಿ ಮಕ್ಕಳಿಗೆ ನಮ್ಮ ಕನ್ನಡವೂ ಎರಡನೆಯ ಭಾಷೆ ಎಂಬುದು ಅಲ್ಲಿ ಕೂತ ಮೇಲೆಯೇ ನಮಗೆ ಗೊತ್ತಾಯಿತು. ಅದಕ್ಕೆ ಏನು ಮಾಡಬೇಕೆಂದು ಇನ್ನೂ ತಿಳಿದಿಲ್ಲ.

ಬರೆದ ನೋಟ್‌ಬುಕ್ಕು ವಾಪಸು ತಂದ ಹುಡುಗ ನಾಲ್ಕು ತಿಂಗಳು ಒಂದು ಭಾನುವಾರವೂ ಬಿಡದೆ ಬಂದ. ಎರಡು ಪರೀಕ್ಷೆ ಮಾಡಿ ಬಾಯಿ ಅವನನ್ನು ಮೂರನೇ ತರಗತಿಗೆ ಕೂರಿಸಿದರು. ಅವತ್ತು ಅವನ ತಾಯಿ ಗೇಟಿನವರೆಗೆ ಬಂದು ನನ್ನನ್ನು ಕರೆಸಿದಳು. ಬಟ್ಟೆಯಲ್ಲಿ ಸುತ್ತಿ ಎರಡು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. "ಒಳಗ ಬಿಡವಲ್ರು ಅಣ್ಣಾರ. ಇಲ್ಲೇ ತಗೋರಿ," ಎಂದಳು. ಇನ್ನೂ ನಾವು ಗೇಟಿನ ನಿಯಮವನ್ನೂ ಬದಲಿಸಿಲ್ಲ.

ಕಳೆದ ತಿಂಗಳು ಕಟ್ಟಡದ ಸ್ಲ್ಯಾಬ್ ಕೆಲಸ ಮುಗಿಯಿತು. ಗುತ್ತಿಗೆದಾರ ಆ ಹನ್ನೆರಡು ಮನೆಗಳನ್ನು ರಾತ್ರೋರಾತ್ರಿ ಟೆಂಪೋದಲ್ಲಿ ಹಾಕಿಕೊಂಡು ವಾಘೋಲಿ ಕಡೆಯ ಬೇರೆ ಸೈಟಿಗೆ ಸಾಗಿಸಿದ, ಊರಿನ ಇನ್ನೊಂದು ತುದಿಗೆ. ಸೋಮವಾರ ಶಾಲೆಯಲ್ಲಿ ಒಂಬತ್ತು ಮಕ್ಕಳ ಹಾಜರಿ ಖಾಲಿ. ಟಿ.ಸಿ. ಬರೆಸಿ ಇಟ್ಟುಕೊಂಡಿದ್ದೇನೆ, ಒಂಬತ್ತೂ ನನ್ನ ಬಳಿ ಇವೆ. ತಾಯಿಯ ಫೋನು ಹತ್ತುತ್ತಿಲ್ಲ.

ವಾಘೋಲಿ, ಖರಾಡಿ, ಲೋಹಗಾಂವ್ ಕಡೆ ಇರುವ ಓದುಗರಿಗೆ ಒಂದು ಮಾತು. ನಿಮ್ಮ ಸೊಸೈಟಿಯ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಒಮ್ಮೆ ಕೇಳಿ ನೋಡಿ. ಸಿಂದಗಿ ಕಡೆಯ ಕನ್ನಡ ಆಡುವ ಹತ್ತು ವರ್ಷದ ಹುಡುಗ, ಹನ್ನೊಂದರ ಮಗ್ಗಿಯವರೆಗೆ ಮರಾಠಿಯಲ್ಲಿ ಹೇಳುತ್ತಾನೆ, ಹನ್ನೆರಡರಿಂದ ಮುಂದೆ ಕನ್ನಡಕ್ಕೆ ಹೊರಳುತ್ತಾನೆ. ಹಳದಿ ರೇನ್‌ಕೋಟು. ಸಿಕ್ಕರೆ ಈ ಪತ್ರಿಕೆಯ ಸಂಪಾದಕರಿಗೆ ತಿಳಿಸಿ. ಟಿ.ಸಿ. ತೆಗೆದುಕೊಂಡು ನಾನೇ ಬರುತ್ತೇನೆ, ಭಾನುವಾರದವರೆಗೆ ಕಾಯುವುದಿಲ್ಲ.